ಬ್ಯಾಂಕ್, ಚಿಕ್ಕಪೇಟೆ, ಗಾಂಧಿ ಬಜಾರು, ರಾತ್ರಿಗೆ ಬಸ್ಸಾರು: ಬೆಂಗಳೂರಿನಲ್ಲಿ ಒಂದೇ ದಿನದಲ್ಲಿ ಎಲ್ಲ ಕೆಲಸ ಮುಗಿಸುವ ಸಮಗ್ರ ಮಾರ್ಗದರ್ಶಿ

ಮಾಡಬೇಕಾದ ಕೆಲಸಗಳನ್ನು ಚೀಟಿಯಲ್ಲಿ ಬರೆದುಕೊಂಡು, ನೆನಪಾದ ಕ್ರಮದಲ್ಲೇ ಮಾಡುತ್ತಾ ಹೋದರೆ ಬೆಂಗಳೂರಿನಲ್ಲಿ ದಿನ ಸಾಲುವುದಿಲ್ಲ. ಬ್ಯಾಂಕಿಗೆ ಹೋಗುವಷ್ಟರಲ್ಲಿ ಕೌಂಟರ್ ಮುಚ್ಚಿರುತ್ತದೆ. ಬೆಳಗ್ಗೆ ಕೊಂಡ ಸೊಪ್ಪು ಚೀಲದಲ್ಲೇ ಬಾಡಿರುತ್ತದೆ. ಮನೆಗೆ ಬಂದಾಗ ಒಲೆ ಮುಂದೆ ನಿಲ್ಲುವ ಶಕ್ತಿ ಇರುವುದಿಲ್ಲ, ಹೊರಗಿನಿಂದ ತರಿಸೋಣ ಅಂತ ಫೋನ್ ಕೈಗೆ ಬರುತ್ತದೆ.

ನನ್ನ ಪ್ರಕಾರ ಚೀಟಿಯಲ್ಲಿರುವ ಪ್ರತಿ ಕೆಲಸಕ್ಕೂ ಮೂರು ಪ್ರಶ್ನೆ ಕೇಳಬೇಕು. ಇದರ ಬಾಗಿಲು ಎಷ್ಟು ಹೊತ್ತಿಗೆ ಮುಚ್ಚುತ್ತೆ? ಇದು ಕೈಗೆ ಎಷ್ಟು ಭಾರ? ಇದು ಎಷ್ಟು ಬೇಗ ಬಾಡುತ್ತೆ? ಬೇಗ ಮುಚ್ಚುವುದು ಮೊದಲು, ಭಾರದ್ದು ಆಮೇಲೆ, ಬಾಡುವುದು ಎಲ್ಲಕ್ಕಿಂತ ಕೊನೆಗೆ. ಇನ್ನು ರಾತ್ರಿಯ ಅಡುಗೆ ಶುರುವಾಗಬೇಕಾದ್ದು ಸಂಜೆ ಅಲ್ಲ, ಬೆಳಗ್ಗೆ ಮನೆಗೆ ಬೀಗ ಹಾಕುವ ಮೊದಲು. ಕೆಳಗೆ ಬರೆದಿರುವುದೆಲ್ಲ ಈ ಲೆಕ್ಕದ ಮೇಲೆಯೇ ನಿಂತಿದೆ.

ಯಾವ ದಿನ, ಯಾವ ದಾರಿ

ಮಂಗಳವಾರ, ಬುಧವಾರ, ಗುರುವಾರ ಈ ಓಡಾಟಕ್ಕೆ ಒಳ್ಳೆಯ ದಿನಗಳು. ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕ್ ರಜೆ. ಭಾನುವಾರ ಪೇಟೆಯ ಸಗಟು ಅಂಗಡಿಗಳು ಬಹಳಷ್ಟು ಮುಚ್ಚಿರುತ್ತವೆ. ಸೋಮವಾರ ಬ್ಯಾಂಕಿನಲ್ಲಿ ನೂಕುನುಗ್ಗಲು. ಶುಕ್ರವಾರ ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ರಜೆ. ದೋಸೆ ತಿನ್ನಲೇಬೇಕು ಅನ್ನುವವರಿಗೆ ಇದೂ ಮುಖ್ಯ ಅಲ್ವಾ?

ವರಮಹಾಲಕ್ಷ್ಮಿ, ಗೌರಿ ಗಣೇಶ, ಆಯುಧಪೂಜೆ ಹಬ್ಬಗಳ ಹಿಂದಿನ ಎರಡು ಮೂರು ದಿನ ಪೇಟೆ ಕಡೆ ಹೋಗದಿರುವುದೇ ಮೇಲು. ಹೂವಿನ ಬೆಲೆ ಆಗ ಕೈಗೆ ಸಿಗುವುದಿಲ್ಲ, ನಡೆಯುವುದಕ್ಕೂ ಜಾಗ ಇರುವುದಿಲ್ಲ.

ದಾರಿಗೆ ಮೆಟ್ರೋದ ಹಸಿರು ಮಾರ್ಗ ಸಾಕು. ಉತ್ತರದಿಂದ ದಕ್ಷಿಣಕ್ಕೆ ಬಂದರೆ ಸಂಪಿಗೆ ರಸ್ತೆ, ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್, ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಸೌತ್ ಎಂಡ್ ಸರ್ಕಲ್, ಜಯನಗರ. ಅಂದರೆ ಮಲ್ಲೇಶ್ವರ, ಹಳೇ ಪೇಟೆ, ಬಸವನಗುಡಿ, ಜಯನಗರ ನಾಲ್ಕನೇ ಬ್ಲಾಕ್ ಎಲ್ಲವೂ ಒಂದೇ ಗೆರೆಯ ಮೇಲಿವೆ. ಪೇಟೆಯ ಕೆಳಗಿನ ಸುರಂಗ 2017ರ ಜೂನ್‌ನಲ್ಲಿ ತೆರೆದ ಮೇಲೆ ಚಿಕ್ಕಪೇಟೆಗೆ ಹೋಗಲು ಗಾಡಿ ತೆಗೆಯುವ ಕಾರಣವೇ ಉಳಿದಿಲ್ಲ. ಅಲ್ಲಿ ಪಾರ್ಕಿಂಗ್ ಹುಡುಕುವ ಹೊತ್ತಿಗೆ ಎರಡು ಅಂಗಡಿ ಮುಗಿಸಬಹುದು. ಈ ಗೆರೆಯಿಂದ ದೂರ ಇರುವ ಕೆಲಸವನ್ನು ಇವತ್ತಿನ ಚೀಟಿಯಿಂದ ತೆಗೆದುಬಿಡಿ. ಅದಕ್ಕೆ ಇನ್ನೊಂದು ದಿನ ಇಡಿ.

ಸ್ಮಾರ್ಟ್ ಕಾರ್ಡ್ ಇದ್ದರೆ ಮೆಟ್ರೋ ದರದಲ್ಲಿ ರಿಯಾಯಿತಿ ಸಿಗುತ್ತದೆ, ಟಿಕೆಟ್ ಕ್ಯೂ ಕೂಡ ತಪ್ಪುತ್ತದೆ. ಮನೆಯಿಂದ ನಿಲ್ದಾಣದವರೆಗೆ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಶಕ್ತಿ ಯೋಜನೆಯಡಿ 2023ರ ಜೂನ್‌ನಿಂದ ಟಿಕೆಟ್ ಹಣ ಇಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಕೈಯಲ್ಲಿರಲಿ.

ಹಿಂದಿನ ರಾತ್ರಿ

ಕಾಗದ ಪತ್ರಗಳನ್ನು ಒಂದು ಪ್ಲಾಸ್ಟಿಕ್ ಫೋಲ್ಡರಿಗೆ ಹಾಕಿ. ಆಧಾರ್, ಪ್ಯಾನ್ ಎರಡೆರಡು ಜೆರಾಕ್ಸ್, ಎರಡು ಫೋಟೋ, ಪಾಸ್‌ಬುಕ್, ಎರಡು ಪೆನ್ನು. ಜೆರಾಕ್ಸ್ ಪ್ರತಿಯ ಮೇಲೆ ಯಾವ ಕೆಲಸಕ್ಕೆ ಕೊಡುತ್ತಿದ್ದೀರಿ ಅಂತ ಬರೆದು, ತಾರೀಖು ಹಾಕಿ, ಸಹಿ ಮಾಡಿ. ಎಲ್ಲೆಂದರಲ್ಲಿ ಬಿದ್ದ ಪ್ರತಿಯನ್ನು ಬೇರೆಯವರು ಬಳಸುವುದು ಆಗ ಕಷ್ಟ. ಪೂರ್ತಿ ನಂಬರ್ ಬೇಡದ ಕಡೆ, ಕೊನೆಯ 4 ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕು. ಅದನ್ನು ಆಧಾರ್ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಬಹುದು.

ಚೀಲ ಮೂರು ಬೇಕು. ಹೆಗಲಿಗೆ ಹಾಕುವ ಗಟ್ಟಿ ಬಟ್ಟೆ ಚೀಲ ಒಂದು, ಪಾತ್ರೆಯಂಥ ಭಾರಕ್ಕೆ ಅಗಲ ತಳದ್ದು ಒಂದು, ಸೊಪ್ಪು ಹೂವಿಗೆ ತೆಳ್ಳನೆಯ ಹತ್ತಿ ಚೀಲ ಒಂದು. ಒಂದು ಹಳೇ ಟವೆಲ್ ಇಟ್ಟುಕೊಳ್ಳಿ, ಪಾತ್ರೆಗಳ ನಡುವೆ ತುರುಕಿದರೆ ಗೀರು ಬೀಳುವುದಿಲ್ಲ. ಮೆಟ್ರೋದಲ್ಲಿ ಸಾಮಾನಿಗೆ 15 ಕೆಜಿ ಮಿತಿ ಇದೆ, ಅದನ್ನೂ ಮರೆಯಬೇಡಿ.

ಹಾಗೇ ಅಳತೆಗಳು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕುಕ್ಕರಿನ ಗ್ಯಾಸ್ಕೆಟ್ ಬೇಕಿದ್ದರೆ ಹಳೆಯದನ್ನೇ ಚೀಲಕ್ಕೆ ಹಾಕಿ, ಲೀಟರ್ ಹೇಳಿದರೆ ಸಾಲುವುದಿಲ್ಲ, ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತದೆ. ಡಬ್ಬ ಕೊಳ್ಳುವುದಿದ್ದರೆ ಶೆಲ್ಫಿನ ಎತ್ತರ ಅಳೆದು ಫೋನಿನಲ್ಲಿ ಬರೆದುಕೊಳ್ಳಿ. ಮ್ಯಾಚಿಂಗ್ ಬಟ್ಟೆಗೆ ಸೀರೆಯ ಫೋಟೋ ನಂಬಬೇಡಿ, ಸೀರೆಯನ್ನೇ ಒಯ್ಯಿರಿ. ಫೋನಿನ ಪರದೆಯಲ್ಲಿ ಮೆರೂನು ಕೂಡ ಕೆಂಪಾಗಿ ಕಾಣುತ್ತದೆ.

ಬೀಗ ಹಾಕುವ ಮೊದಲು

ರಾತ್ರಿಯ ಬಸ್ಸಾರಿಗೆ ಒಂದು ಲೋಟ ಹೆಸರುಕಾಳು ತೊಳೆದು, ಮೂರು ಲೋಟ ನೀರಿನಲ್ಲಿ ನೆನೆಹಾಕಿ. ಅಲಸಂದೆಯೂ ಆಗುತ್ತದೆ. ಸಂಜೆ ಬರುವಷ್ಟರಲ್ಲಿ ಚೆನ್ನಾಗಿ ಉಬ್ಬಿರುತ್ತದೆ. ಮಾರ್ಚ್‌ನಿಂದ ಮೇವರೆಗಿನ ಸೆಕೆಯಲ್ಲಿ ಪಾತ್ರೆಯನ್ನು ಫ್ರಿಜ್‌ನಲ್ಲಿಡಿ, ಹೊರಗಿಟ್ಟರೆ ನೀರು ನೊರೆ ಬಂದು ವಾಸನೆ ಹೊಡೆಯುತ್ತದೆ. ಅರ್ಧ ಹೋಳು ತೆಂಗಿನಕಾಯಿ ತುರಿದಿಟ್ಟು, ಏಳೆಂಟು ಎಸಳು ಬೆಳ್ಳುಳ್ಳಿ ಸುಲಿದಿಡಿ. ಹತ್ತು ನಿಮಿಷದ ಕೆಲಸ. ಆದರೆ ಸಂಜೆ ಸುಸ್ತಾಗಿ ಬಂದಾಗ ಅಡುಗೆ ಆಗಲೇ ಶುರುವಾಗಿರುತ್ತದೆ, ಹೊರಗಿನಿಂದ ತರಿಸುವ ಯೋಚನೆ ಬರುವುದಿಲ್ಲ.

ಬೆಳಗಿನ ತಿಂಡಿಗೆ ಒಲೆ ಜಾಸ್ತಿ ಹೊತ್ತು ಹಿಡಿಯದ್ದನ್ನು ಮಾಡಿ. ಗೊಜ್ಜವಲಕ್ಕಿ ನನಗೆ ಇಷ್ಟ. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ರವೆಯ ಹಾಗೆ ತರಿ ಮಾಡಿ, ಹುಣಸೆ ರಸ, ಬೆಲ್ಲ, ಉಪ್ಪು, ಸಾರಿನ ಪುಡಿ ಕಲಸಿದ ನೀರಿನಲ್ಲಿ ಕಾಲು ಗಂಟೆ ನೆನೆಸಿ. ಕಡಲೆಕಾಯಿ ಬೀಜ, ಕಡಲೆಬೇಳೆ, ಕರಿಬೇವಿನ ಒಗ್ಗರಣೆ ಕೊಟ್ಟು ಕೊಬ್ಬರಿ ತುರಿ ಉದುರಿಸಿದರೆ ಆಯ್ತು. ಹೊಟ್ಟೆಯಲ್ಲಿ ಮಧ್ಯಾಹ್ನದವರೆಗೆ ನಿಲ್ಲುತ್ತದೆ.

ಹತ್ತು ಗಂಟೆ: ಕೌಂಟರ್ ಕೆಲಸ

ಬ್ಯಾಂಕ್, ಅಂಚೆ ಕಚೇರಿ ಎರಡನ್ನೂ ನಿಮ್ಮ ಬಡಾವಣೆಯಲ್ಲೇ ಮುಗಿಸಿ ಮೆಟ್ರೋ ಹತ್ತಿ. ಬಾಗಿಲು ತೆರೆಯುವ ಹೊತ್ತಿಗೇ ನಿಂತಿದ್ದರೆ ಎರಡೂ ಸೇರಿ ಒಂದು ಗಂಟೆ. ಅಂಚೆಯಲ್ಲಿ ಹಳೆಯ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ. ವಿಳಾಸದಾರರ ಕೈಗೇ ತಲುಪಬೇಕಾದ ಕಾಗದವಾದರೆ ಕೌಂಟರಿನಲ್ಲಿ ಅದನ್ನು ಬಿಡಿಸಿ ಹೇಳಿ. ರಸೀದಿ ಮೇಲಿನ ನಂಬರನ್ನು ಅಲ್ಲೇ ಫೋಟೋ ತೆಗೆದುಕೊಳ್ಳಿ, ಆ ಕಾಗದದ ಮೇಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ.

ಮನೆಯಲ್ಲಿ ಪಿಂಚಣಿದಾರರಿದ್ದರೆ ನವೆಂಬರ್ ತಿಂಗಳ ಚೀಟಿಗೆ ಜೀವನ ಪ್ರಮಾಣ, ಅಂದರೆ ಬದುಕಿದ್ದೇವೆ ಅಂತ ವರ್ಷಕ್ಕೊಮ್ಮೆ ಕೊಡುವ ಪತ್ರ, ಸೇರಿಸಿ. ಫೋನಿನಲ್ಲೇ ಮುಖ ತೋರಿಸಿ ಮಾಡುವ ವ್ಯವಸ್ಥೆ ಈಗ ಇದೆ, ವಯಸ್ಸಾದವರನ್ನು ಸುಮ್ನೆ ಕ್ಯೂನಲ್ಲಿ ನಿಲ್ಲಿಸುವ ಅಗತ್ಯ ಇಲ್ಲ. ಮಕ್ಕಳಿಗೆ 5 ವರ್ಷ ಆದಾಗ ಒಮ್ಮೆ, 15 ಆದಾಗ ಒಮ್ಮೆ ಆಧಾರ್‌ನಲ್ಲಿ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಲೇಬೇಕು. ಇದಕ್ಕೆ ಮೊದಲೇ ಸಮಯ ಗೊತ್ತು ಮಾಡಿಕೊಂಡು ಹೋಗಿ. ಕರೆಂಟ್ ಬಿಲ್, ನೀರಿನ ಬಿಲ್ ಫೋನಿನಲ್ಲಿ ಕಟ್ಟಲು ಆಗದವರಿಗೆ ಬೆಂಗಳೂರು ಒನ್ ಕೇಂದ್ರ ಇದೆ, ಎರಡೂ ಒಂದೇ ಕಡೆ ಮುಗಿಯುತ್ತದೆ.

ಹನ್ನೊಂದೂವರೆ: ಚಿಕ್ಕಪೇಟೆ

ಇಲ್ಲಿ ನಿಧಾನ ಮಾಡಬೇಕು. ಬೇಗ ಹೋಗಿ ಪ್ರಯೋಜನ ಇಲ್ಲ, ಬಹಳಷ್ಟು ಅಂಗಡಿಗಳು ಬಾಗಿಲು ತೆಗೆದು, ಪೂಜೆ ಮಾಡಿ, ವ್ಯಾಪಾರಕ್ಕೆ ಕೂರುವಾಗ ಹನ್ನೊಂದು ಆಗಿರುತ್ತದೆ. ಒಂದೊಂದು ಬೀದಿಗೂ ಒಂದೊಂದು ಕಸುಬು. ಸೀರೆ, ಬಟ್ಟೆಗೆ ಚಿಕ್ಕಪೇಟೆ. ಪುಸ್ತಕ, ಒಡವೆಗೆ ಅವೆನ್ಯೂ ರಸ್ತೆ. ವಿದ್ಯುತ್ ಸಾಮಾನಿಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ. ಎಲೆಕ್ಟ್ರಾನಿಕ್ ಬಿಡಿಭಾಗಕ್ಕೆ ಎಸ್.ಪಿ. ರಸ್ತೆ. ಬಳೆ, ಅಲಂಕಾರದ ಸಾಮಾನಿಗೆ ಮಾಮೂಲ್‌ಪೇಟೆ. ತಬಲ, ಹಾರ್ಮೋನಿಯಂ ಬೇಕಾದವರು ಬಳೇಪೇಟೆಗೆ ಹೋಗುತ್ತಾರೆ.

ಬೀದಿಯ ಮೂಲೆಯಲ್ಲಿ ನಿಂತು "ಬನ್ನಿ ಅಕ್ಕ, ಒಳ್ಳೇ ಸೀರೆ ತೋರಿಸ್ತೀನಿ" ಅನ್ನುವವರ ಹಿಂದೆ ಹೋಗಬೇಡಿ. ಅವರಿಗೆ ಸಿಗುವ ಕಮಿಷನ್ ಕೊನೆಗೆ ನಿಮ್ಮ ಬಿಲ್ಲಿಗೇ ಸೇರುತ್ತದೆ. ಮೊದಲು ಬೀದಿ ಉದ್ದಕ್ಕೂ ಒಮ್ಮೆ ಕೈ ಕಟ್ಟಿಕೊಂಡು ನಡೆಯಿರಿ. ಮೂರು ಅಂಗಡಿಯಲ್ಲಿ ಒಂದೇ ವಸ್ತುವಿನ ಬೆಲೆ ಕೇಳಿ. ಆಮೇಲೆ ಕೊಳ್ಳಿ.

ರೇಷ್ಮೆ ಸೀರೆಗೆ ಸಿಲ್ಕ್ ಮಾರ್ಕ್ ಚೀಟಿ ನೋಡಿ. ಕೇಂದ್ರ ರೇಷ್ಮೆ ಮಂಡಳಿ ಬೆನ್ನಿಗಿರುವ ಗುರುತು ಅದು. ಚೀಟಿ ಇಲ್ಲದಿದ್ದರೆ ಸೀರೆಯ ಅಂಚಿನ ಕುಚ್ಚಿನಿಂದ ಹಾಸಿನ (ಉದ್ದ ನೂಲಿನ) ಎರಡು ಎಳೆ, ಹೊಕ್ಕಿನ (ಅಡ್ಡ ನೂಲಿನ) ಎರಡು ಎಳೆ ಕೇಳಿ ತೆಗೆಸಿ, ಬೇರೆ ಬೇರೆಯಾಗಿ ಬೆಂಕಿಗೆ ಹಿಡಿಯಿರಿ. ನಿಜವಾದ ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದೊಡನೆ ತಾನಾಗಿ ಆರುತ್ತದೆ, ಉಳಿದ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡೂ ದಿಕ್ಕಿನ ಎಳೆ ನೋಡುವುದು ಯಾಕೆಂದರೆ ಹಾಸು ರೇಷ್ಮೆ, ಹೊಕ್ಕು ಪಾಲಿಯೆಸ್ಟರ್ ಇರುವ ಸೀರೆಗಳೂ ಬರುತ್ತವೆ. ಪರೀಕ್ಷೆಗೆ ಒಪ್ಪದ ಅಂಗಡಿಯಿಂದ ಎದ್ದು ಬನ್ನಿ, ಅದರಲ್ಲಿ ಸಂಕೋಚ ಏನೂ ಬೇಡ.

ರವಿಕೆಗೆ ಲೈನಿಂಗ್ ಬಟ್ಟೆ ಕೊಂಡರೆ ನೇರ ಟೈಲರಿಗೆ ಕೊಡಬೇಡಿ. ಹತ್ತಿ ಬಟ್ಟೆ ಮೊದಲ ನೀರಿಗೆ ಕುಗ್ಗುತ್ತದೆ. ಹೊಲಿದ ಮೇಲೆ ಕುಗ್ಗಿದರೆ ಮೇಲಿನ ಬಟ್ಟೆ ಸುಕ್ಕು ಹಿಡಿಯುತ್ತದೆ, ತೋಳು ಬಿಗಿಯಾಗುತ್ತದೆ. ರಾತ್ರಿ ಬರೀ ನೀರಿನಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಕೊಡಿ. ಸೀರೆ ಫಾಲ್ ಬಟ್ಟೆಗೂ ಇದೇ ಮಾತು.

ಒಡವೆ ಕೆಲಸ ಇದ್ದರೆ, ಸಣ್ಣ ಓಲೆಯಾದರೂ ಹಾಲ್‌ಮಾರ್ಕ್ ನೋಡಿ. 2023ರ ಏಪ್ರಿಲ್ 1ರಿಂದ ಅಂಗಡಿಯಲ್ಲಿ ಮಾರುವ ಹಾಲ್‌ಮಾರ್ಕ್ ಚಿನ್ನದ ಮೇಲೆ 6 ಅಕ್ಷರ-ಅಂಕೆಗಳ ಎಚ್‌ಯುಐಡಿ, ಅಂದರೆ ಆ ಒಡವೆಗೇ ಮೀಸಲಾದ ಗುರುತಿನ ಸಂಖ್ಯೆ, ಇರಲೇಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಒಡವೆ ಯಾವ ಬಗೆಯದು, ಎಷ್ಟು ಶುದ್ಧ ಅಂತ ಅಲ್ಲೇ ಕಾಣುತ್ತದೆ. ಅಂಗಡಿಯವರ ಎದುರೇ ನೋಡಿ.

ಪಾತ್ರೆ ಅಂಗಡಿಯಲ್ಲಿ

ಪೇಟೆಯಲ್ಲಿ ನನಗೆ ಅತಿ ಇಷ್ಟದ ಹೊತ್ತು ಇದು. ಸ್ಟೀಲ್, ಹಿತ್ತಾಳೆ ಬಹುಪಾಲು ತೂಕಕ್ಕೇ ಮಾರುತ್ತಾರೆ, ತಕ್ಕಡಿ ಸೊನ್ನೆಯಲ್ಲಿದೆಯೇ ಅಂತ ಮೊದಲು ನೋಡಿ. ಮ್ಯಾಗ್ನೆಟ್ ಅಂಟದಿದ್ದರೆ ಒಳ್ಳೇ ಸ್ಟೀಲ್ ಅಂತ ಬಹಳ ಜನ ನಂಬಿದ್ದಾರೆ. ಅಷ್ಟು ಸಾಲದು. ಒಳ್ಳೆಯ 304 ದರ್ಜೆಗೂ ಮ್ಯಾಗ್ನೆಟ್ ಅಂಟುವುದಿಲ್ಲ, ನಿಕ್ಕಲ್ ಕಡಿಮೆ ಇರುವ ಅಗ್ಗದ 202 ದರ್ಜೆಗೂ ಅಂಟುವುದಿಲ್ಲ. ದರ್ಜೆಯ ಅಚ್ಚು ನೋಡಿ, ಬಿಲ್ಲಿನ ಮೇಲೆ ಬರೆಸಿ. ಇಂಡಕ್ಷನ್ ಒಲೆ ಇರುವವರಿಗೆ ಮಾತ್ರ ಲೆಕ್ಕ ಉಲ್ಟಾ. ಪಾತ್ರೆಯ ತಳಕ್ಕೆ ಮ್ಯಾಗ್ನೆಟ್ ಅಂಟಲೇಬೇಕು, ಇಲ್ಲದಿದ್ದರೆ ಒಲೆ ಕಾಯಿಸುವುದೇ ಇಲ್ಲ.

ಹಿತ್ತಾಳೆ ಪಾತ್ರೆಯಲ್ಲಿ ಹುಣಸೆ, ಟೊಮೆಟೊ ಬೇಯಿಸುವ ಆಸೆ ಇದ್ದರೆ ಒಳಗೆ ಕಲಾಯಿ ಆಗಿರಬೇಕು. ಹುಳಿ ತಾಗಿದರೆ ಕಿಲುಬು ಬಿಡುತ್ತದೆ. ಒಳಮೈ ಬೆಳ್ಳಿಯ ಹಾಗೆ ಹೊಳೆಯಬೇಕು, ಹಳದಿ ತೇಪೆ ಕಂಡರೆ ಬೇಡ ಅನ್ನಿ.

ಬೀಡಿನ ದೋಸೆ ಕಾವಲಿ ಸಿಕ್ಕರೆ ಬಿಡಬೇಡಿ. ಸಮ ನೆಲದ ಮೇಲಿಟ್ಟು ಒತ್ತಿ ನೋಡಿ, ಅಲುಗಬಾರದು. ಬೆರಳಿನ ಗೆಣ್ಣಿನಿಂದ ತಟ್ಟಿದರೆ ಗಂಟೆಯಂಥ ಸ್ವರ ಬರಬೇಕು, ಒಡಕು ಸ್ವರ ಬಂದರೆ ಎಲ್ಲೋ ಬಿರುಕಿದೆ. ಮನೆಗೆ ತಂದು ತೊಳೆದು, ಎರಡು ದಿನ ಅಕ್ಕಿ ತೊಳೆದ ನೀರು ಬದಲಿಸುತ್ತಾ ನೆನೆಸಿ. ಒರೆಸಿ ಒಣಗಿಸಿ, ಎಣ್ಣೆ ಸವರಿ ಸಣ್ಣ ಉರಿಯಲ್ಲಿ ಹೊಗೆ ಬರುವವರೆಗೆ ಕಾಯಿಸಿ, ಆರಿಸಿ, ಮತ್ತೆ ಸವರಿ. ಒಂದು ಈರುಳ್ಳಿಯನ್ನು ಅದರ ಮೇಲೆ ಕಪ್ಪಾಗುವ ತನಕ ಹುರಿದು ಬಿಸಾಡಿ. ಮೊದಲ ದೋಸೆಗಳು ಅಂಟಬಹುದು, ಬರಬರುತ್ತಾ ಏಳುತ್ತವೆ.

ಪೇಟೆಯಲ್ಲಿ ಕೊನೆಗೆ ಕೊಳ್ಳುವುದು ಪಾತ್ರೆ ಆಗಿರಲಿ. ಕಾವಲಿ ಹೊತ್ತುಕೊಂಡು ಸೀರೆ ಅಂಗಡಿ ಮೆಟ್ಟಿಲು ಹತ್ತುವುದು ಯಾರಿಗೂ ಬೇಡ. ಪೊಟ್ಟಣದ ಸಾಮಾನಿಗೆ ಮುದ್ರಿಸಿದ ಎಂಆರ್‌ಪಿಗಿಂತ ಜಾಸ್ತಿ ಕೇಳುವಂತಿಲ್ಲ. ಬಿಲ್ ಕೊಡದೆ ಜಗಳಕ್ಕೆ ಬಂದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಕೆ.ಆರ್. ಮಾರ್ಕೆಟ್ ಇವತ್ತು ಬೇಡ

ಒಂದು ನಿಲ್ದಾಣ ಮುಂದೆಯೇ ಇದೆ, ಇಳಿಯೋಣ ಅನ್ನಿಸುತ್ತದೆ. ಆ ಹಳೇ ಮಾರುಕಟ್ಟೆ ನನಗೂ ಪ್ರೀತಿಯ ಜಾಗ. ಆದರೆ ಅದು ಬೆಳಗಿನ ಜಾವದ ಮಾರುಕಟ್ಟೆ. ಸೇವಂತಿಗೆ, ಕನಕಾಂಬರ, ಸುಗಂಧರಾಜದ ರಾಶಿಗಳು ತುಂಬಿರುವುದು ಸೂರ್ಯ ಹುಟ್ಟುವ ಹೊತ್ತಿಗೆ. ಮಧ್ಯಾಹ್ನ ಬಿಸಿಲಲ್ಲಿ ಕೊಂಡ ಹೂವು ರಾತ್ರಿಗೇ ಕಂದುತ್ತದೆ. ಅದಕ್ಕೊಂದು ಬೆಳಗ್ಗೆ ಪ್ರತ್ಯೇಕ ಇಡಿ.

ನ್ಯಾಷನಲ್ ಕಾಲೇಜು ನಿಲ್ದಾಣ: ತಿಂಡಿ, ಬಜಾರು

ಪೇಟೆಯಲ್ಲಿ ಮಧ್ಯಾಹ್ನಕ್ಕೆ ಮೊಸರನ್ನವೋ ಮಿನಿ ಊಟವೋ ಸಾಕು. ಹೊಟ್ಟೆ ತುಂಬಾ ಉಂಡರೆ ಕಾಲು ಎಳೆಯುತ್ತದೆ. ಮೂರೂವರೆ, ನಾಲ್ಕಕ್ಕೆ ಬಸವನಗುಡಿ ಕಡೆ ಬನ್ನಿ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್ ಇಷ್ಟನ್ನೇ ನೆಚ್ಚಿಕೊಂಡಿದೆ. ಸಾಂಬಾರ್ ಇಲ್ಲ, ಆ ಚಟ್ನಿಯೇ ಸಾಕು. ಕೂತು ತಿನ್ನಬೇಕು ಅನ್ನುವವರು 1943ರ ವಿದ್ಯಾರ್ಥಿ ಭವನಕ್ಕೆ ನಡೆಯಬಹುದು. ಎರಡೂ ಕಡೆ ಮಧ್ಯಾಹ್ನ ಕೆಲವು ಗಂಟೆ ಬಾಗಿಲು ಹಾಕಿರುತ್ತದೆ, ಹೊತ್ತು ನೋಡಿ ಹೋಗಿ.

ಗಾಂಧಿ ಬಜಾರಿನಲ್ಲಿ ಹಣ್ಣು, ಹೂವು, ವೀಳ್ಯದೆಲೆ, ಗ್ರಂಥಿಗೆ ಅಂಗಡಿಯ ಪೂಜೆ ಸಾಮಾನು, ಸುಬ್ಬಮ್ಮ ಅಂಗಡಿಯ ಹಪ್ಪಳ, ಚಟ್ನಿಪುಡಿ ಎಲ್ಲ ಒಂದೇ ಬೀದಿಯಲ್ಲಿ ಸಿಗುತ್ತದೆ. ಕಾಫಿಪುಡಿ ಕಣ್ಣೆದುರೇ ಬೀಸಿಸಿಕೊಳ್ಳಿ, 250 ಗ್ರಾಂಗಿಂತ ಜಾಸ್ತಿ ಬೇಡ. ಬೀಸಿದ ಪುಡಿಯ ಘಮ ಹದಿನೈದು ದಿನದಲ್ಲೇ ಇಳಿಯುತ್ತದೆ. ಚಿಕೋರಿ ನೂರಕ್ಕೆ 20 ಇದ್ದರೆ ಡಿಕಾಕ್ಷನ್ ಗಟ್ಟಿ, 30 ದಾಟಿದರೆ ಕಾಫಿಯ ರುಚಿ ಮುಚ್ಚಿಹೋಗುತ್ತದೆ. ಕಾರ್ತಿಕ ಮಾಸದ ಕೊನೆಯ ಸೋಮವಾರದ ಸುತ್ತ ಬಂದರೆ ದೊಡ್ಡ ಬಸವಣ್ಣನ ಗುಡಿ ರಸ್ತೆಯಲ್ಲಿ ಕಡಲೆಕಾಯಿ ಪರಿಷೆ. ಡಿಸೆಂಬರ್, ಜನವರಿಯಾದರೆ ಸೊಗಡಿನ ಅವರೆಕಾಯಿ. ಕೈಗೆ ಸೊಗಡು ಅಂಟುವ, ಜಿಡ್ಡಿನ ಕಾಯನ್ನೇ ಆರಿಸಿ.

ಸೊಪ್ಪು ಮಾತ್ರ ಇಲ್ಲೂ ಕೊಳ್ಳಬೇಡಿ. ಮನೆ ಹತ್ತಿರದ ಗಾಡಿಯಲ್ಲೋ ಹಾಪ್‌ಕಾಮ್ಸ್ ತರಕಾರಿ ಮಳಿಗೆಯಲ್ಲೋ ಕಡೆಯದಾಗಿ ಕೊಳ್ಳಿ. ದಂಟಿನ ಸೊಪ್ಪಿನ ಕಾಂಡ ಉಗುರಿಗೆ ಪಟ್ಟನೆ ಮುರಿಯಬೇಕು, ನಾರು ಎಳೆದರೆ ಬಲಿತಿದೆ. ಕಟ್ಟು ಬಿಚ್ಚಿಸಿ ಒಳಗೆ ನೋಡಿ, ಕೊಳೆತಿರುವುದು ಯಾವಾಗಲೂ ನಡುವಿನ ಎಲೆ.

ರಾತ್ರಿಗೆ ಬಸ್ಸಾರು, ಪಲ್ಯ, ಮುದ್ದೆ

ಈ ದಿನಕ್ಕೆ ಬಸ್ಸಾರನ್ನೇ ಹೇಳಲು ಕಾರಣ ಇದೆ. ಒಂದೇ ಸಲ ಬೇಯಿಸಿದ್ದರಲ್ಲಿ ಸಾರೂ ಆಗುತ್ತದೆ, ಪಲ್ಯವೂ ಆಗುತ್ತದೆ. ನಾಲ್ಕು ಜನಕ್ಕೆ ಅಳತೆ ಇದು.

ನೆನೆದ ಹೆಸರುಕಾಳನ್ನು ಐದು ಲೋಟ ನೀರಿನಲ್ಲಿ ತೆರೆದ ಪಾತ್ರೆಯಲ್ಲಿ ಬೇಯಿಸಿ. ಕುಕ್ಕರ್ ಬೇಡ, ನೆನೆದ ಕಾಳು ಅದರಲ್ಲಿ ಕರಗಿಬಿಡುತ್ತದೆ. ಕಾಳು ಬೆರಳಿಗೆ ಒತ್ತಿದರೆ ಮುರಿಯುವಂತಾದಾಗ ಎರಡು ದೊಡ್ಡ ಕಟ್ಟು ದಂಟಿನ ಸೊಪ್ಪು, ಅರ್ಧ ಕಟ್ಟು ಸಬ್ಬಸಿಗೆ ಹೆಚ್ಚಿ ಹಾಕಿ, ಸ್ವಲ್ಪವೇ ಉಪ್ಪು ಹಾಕಿ. ಈ ಉಪ್ಪು ಸಾರಿಗೂ ಪಲ್ಯಕ್ಕೂ ಎರಡಕ್ಕೂ ಹೋಗುತ್ತದೆ ಅನ್ನುವುದು ನೆನಪಿರಲಿ. ಮುಚ್ಚಳ ಮುಚ್ಚದೆ ಏಳೆಂಟು ನಿಮಿಷ. ಆಮೇಲೆ ತೂತಿನ ಪಾತ್ರೆಗೆ ಸುರಿದು ಬಸಿದ ನೀರನ್ನು, ಅಂದರೆ ಕಟ್ಟನ್ನು, ಬೇರೆ ಮಾಡಿ.

ಒಂದು ಚಮಚ ಎಣ್ಣೆಯಲ್ಲಿ ಒಂದು ಈರುಳ್ಳಿ, ಐದಾರು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಅರ್ಧ ಚಮಚ ಮೆಣಸು ಬಾಡಿಸಿ. ಇದಕ್ಕೆ ನಾಲ್ಕು ಚಮಚ ಕಾಯಿತುರಿ, ಎರಡು ಚಮಚ ಸಾರಿನ ಪುಡಿ, ನೆಲ್ಲಿಕಾಯಿ ಗಾತ್ರದ ಹುಣಸೆ, ಜೊತೆಗೆ ಬಸಿದ ಕಾಳು-ಸೊಪ್ಪು ಒಂದು ಹಿಡಿ ಸೇರಿಸಿ ನುಣ್ಣಗೆ ರುಬ್ಬಿ. ಆ ಹಿಡಿ ಕಾಳು-ಸೊಪ್ಪು ಬಿಟ್ಟರೆ ಸಾರು ನೀರಾಗಿ, ಕಾರ ಒಂದು ಕಡೆ ಕಟ್ಟು ಒಂದು ಕಡೆ ನಿಲ್ಲುತ್ತದೆ. ರುಬ್ಬಿದ್ದನ್ನು ಕಟ್ಟಿಗೆ ಹಾಕಿ ಹತ್ತು ನಿಮಿಷ ಕುದಿಸಿ, ರುಚಿ ನೋಡಿ ಉಪ್ಪು ಹೊಂದಿಸಿ. ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನ ಒಗ್ಗರಣೆ ಕೊಡಿ. ಉಳಿದ ಕಾಳು-ಸೊಪ್ಪಿಗೆ ಈರುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆ, ಮೇಲೆ ಕಾಯಿತುರಿ. ಪಲ್ಯ ಮುಗಿಯಿತು.

ಮುದ್ದೆಗೆ ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ನೀರಿಗೆ ಮೊದಲೇ ಒಂದು ಚಮಚ ಹಿಟ್ಟು ಕದಡಿ ಕುದಿಸಿ, ಆಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ಕದಡದೆ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಬೇಯಲು ಬಿಟ್ಟು, ಆಮೇಲೆ ಕೋಲಿನಿಂದ ಒತ್ತಿ ತೊಳಸಿ. ಒದ್ದೆ ಕೈಗೆ ಅಂಟದಿದ್ದರೆ ಬೆಂದಿದೆ.

ಊಟ ಮುಗಿದ ಮೇಲೆ ಲೈನಿಂಗ್ ಬಟ್ಟೆ ನೀರಿಗೆ ಹಾಕಿ, ಕಾವಲಿಗೆ ಅಕ್ಕಿ ತೊಳೆದ ನೀರು ತುಂಬಿ. ಉಳಿದ ಸೊಪ್ಪನ್ನು ತೊಳೆಯದೆ ಒಣ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ, ಮೂರು ದಿನ ಇರುತ್ತದೆ. ಮಿಕ್ಕ ಬಸ್ಸಾರನ್ನು ಒಮ್ಮೆ ಕುದಿಸಿ, ಆರಿದ ಮೇಲೆ ಒಳಗಿಡಿ. ನಾಳೆ ಮಧ್ಯಾಹ್ನ ಬಿಸಿ ಅನ್ನಕ್ಕೆ ಇವತ್ತಿಗಿಂತ ಚೆನ್ನಾಗಿರುತ್ತದೆ.